ಬೆಳೆಯುವ ಉದ್ಯಮಕ್ಕೆ ಅರೆಕಾಲಿಕ ಮಾಹಿತಿ ತಂತ್ರಜ್ಞಾನ ಮುಖ್ಯಸ್ಥ

ಲೆಕ್ಕಪತ್ರಕ್ಕೆ ಲೆಕ್ಕಪರಿಶೋಧಕರು, ವ್ಯಾಜ್ಯಕ್ಕೆ ವಕೀಲರು. ಸಣ್ಣ ಉದ್ಯಮಿಗಳು ಇವರನ್ನು ಪೂರ್ಣಾವಧಿ ನೌಕರಿಗೆ ಇಟ್ಟುಕೊಳ್ಳುವುದಿಲ್ಲ; ಅಗತ್ಯವಿದ್ದಷ್ಟು ಸೇವೆಯನ್ನು ಶುಲ್ಕ ತೆತ್ತು ಪಡೆಯುವುದು ಬಹುಕಾಲದ ರೂಢಿ. ಆದರೆ ಗಣಕಯಂತ್ರ ಹಾಗೂ ತಂತ್ರಾಂಶಗಳ ವಿಷಯದಲ್ಲಿ ಈ ವಿವೇಕ ಇನ್ನೂ ಅಷ್ಟಾಗಿ ಬಳಕೆಗೆ ಬಂದಿಲ್ಲ. ಅನೇಕ ಘಟಕಗಳಲ್ಲಿ ತಂತ್ರಾಂಶ ಮಾರುವವನೇ ಸಲಹೆಗಾರ, ದುರಸ್ತಿಗೆ ಬರುವವನೇ ತಜ್ಞ.

ಬದಲಾದ ಪರಿಸ್ಥಿತಿ

ಇ-ಇನ್‌ವಾಯ್ಸ್ ಪದ್ಧತಿಯು 2020ರ ಅಕ್ಟೋಬರ್‌ನಲ್ಲಿ ಆರಂಭವಾದಾಗ 500 ಕೋಟಿ ರೂ. ಮೀರಿದ ವಾರ್ಷಿಕ ವಹಿವಾಟಿನವರಿಗಷ್ಟೇ ಕಡ್ಡಾಯವಾಗಿತ್ತು. ಹಂತಹಂತವಾಗಿ ಇಳಿದ ಈ ಮಿತಿ 2023ರ ಆಗಸ್ಟ್ 1ರಿಂದ 5 ಕೋಟಿ ರೂ.ಗೆ ಬಂದಿತು. ಕಂಪನಿಗಳ ಲೆಕ್ಕದ ತಂತ್ರಾಂಶದಲ್ಲಿ ಪ್ರತಿಯೊಂದು ತಿದ್ದುಪಡಿಯ ದಾಖಲೆಯೂ ಉಳಿಯಬೇಕೆಂಬ ನಿಯಮ 2023ರ ಏಪ್ರಿಲ್ 1ರಿಂದ ಅನ್ವಯವಾಯಿತು. ನಿಗದಿತ ಬಗೆಯ ಸೈಬರ್ ದಾಳಿಗಳು ಗಮನಕ್ಕೆ ಬಂದ 6 ಗಂಟೆಯೊಳಗೆ ಕೇಂದ್ರ ಸರ್ಕಾರದ ಸರ್ಟ್-ಇನ್ ಸಂಸ್ಥೆಗೆ ವರದಿ ಮಾಡಬೇಕೆಂಬ 2022ರ ನಿರ್ದೇಶನವೂ ಇದೆ. ಹೀಗೆ ಗಣಕಯಂತ್ರ ಕೆಟ್ಟರೆ ಗುಮಾಸ್ತರ ಕೆಲಸ ನಿಲ್ಲುತ್ತಿದ್ದ ಕಾಲ ಹೋಗಿ, ಸರಕು ಸಾಗಣೆಯೇ ನಿಲ್ಲುವ ಕಾಲ ಬಂದಿದೆ.

ಬೆಳಗಾವಿಯ ಉದ್ಯಮಬಾಗ ಅಥವಾ ಬೆಂಗಳೂರಿನ ಪೀಣ್ಯದಂತಹ ಕೈಗಾರಿಕಾ ಪ್ರದೇಶದ ಘಟಕವೊಂದನ್ನು ಊಹಿಸಿಕೊಳ್ಳಬಹುದು. ವಹಿವಾಟು 20 ಕೋಟಿ ರೂ. ದಾಟಿದೆ. ದಾಸ್ತಾನು ಒಂದು ತಂತ್ರಾಂಶದಲ್ಲಿ, ಲೆಕ್ಕ ಇನ್ನೊಂದರಲ್ಲಿ, ಉತ್ಪಾದನೆಯ ವಿವರ ಎಕ್ಸೆಲ್ ಹಾಳೆಯಲ್ಲಿ. ಹೊಸ ಇಆರ್‌ಪಿ ಕೊಳ್ಳಬೇಕೆಂದರೆ ಮೂವರು ಮಾರಾಟಗಾರರು ಮೂರು ಬಗೆ ಹೇಳುತ್ತಾರೆ. ಅನುಭವಿ ಮುಖ್ಯಸ್ಥನೊಬ್ಬನನ್ನು ಪೂರ್ಣಾವಧಿಗೆ ನೇಮಿಸಲು ಸಂಬಳದ ಭಾರ ಅಡ್ಡಬರುತ್ತದೆ. ನೇಮಿಸಿದರೂ ಅವನಿಗೆ ದಿನವಿಡೀ ಕೆಲಸವಿರುವುದಿಲ್ಲ.

ಅರೆಕಾಲಿಕ ಮತ್ತು ಹಂಗಾಮಿ

ಇಂತಹ ಘಟಕಕ್ಕೆ ಎರಡು ದಾರಿಗಳಿವೆ. ಅರೆಕಾಲಿಕ ಮುಖ್ಯಸ್ಥರು ವಾರಕ್ಕೆ ಒಂದೆರಡು ದಿನ ಬಂದು, ವರ್ಷಗಟ್ಟಲೆ ಜೊತೆಗಿದ್ದು ಯೋಜನೆ, ಖರೀದಿ, ಭದ್ರತೆಗಳನ್ನು ನೋಡಿಕೊಳ್ಳುತ್ತಾರೆ. ಹಂಗಾಮಿ ಮುಖ್ಯಸ್ಥರು ನಿಗದಿತ ಅವಧಿಗೆ ಪೂರ್ಣ ಹೊಣೆ ಹೊರುತ್ತಾರೆ. ಇದ್ದವರು ದಿಢೀರನೆ ಬಿಟ್ಟುಹೋದಾಗ, ಹೊಸ ಇಆರ್‌ಪಿ ಅಳವಡಿಸುವಾಗ ಅಥವಾ ದಾಳಿಗೀಡಾದ ವ್ಯವಸ್ಥೆಯನ್ನು ಮತ್ತೆ ಕಟ್ಟುವಾಗ ಇವರ ಅಗತ್ಯ ಬೀಳುತ್ತದೆ. ಮೂರು ಗಣಕಯಂತ್ರಗಳ ಅಂಗಡಿಗೆ ಇಬ್ಬರೂ ಬೇಕಿಲ್ಲ. ಒಳ್ಳೆಯ ನಿರ್ವಹಣಾ ಒಪ್ಪಂದವೇ ಸಾಕು.

ಮೊದಲ ಮೂರು ತಿಂಗಳು

ಸಮರ್ಥ ಮುಖ್ಯಸ್ಥರು ಬಂದೊಡನೆ ಹೊಸ ಯಂತ್ರ ಕೊಳ್ಳಲು ಹೇಳುವುದಿಲ್ಲ. ಇರುವ ಯಂತ್ರ, ಪರವಾನಗಿ, ವಾರ್ಷಿಕ ಒಪ್ಪಂದಗಳ ಪಟ್ಟಿ ಮಾಡುತ್ತಾರೆ. ಬ್ಯಾಕಪ್ ಇದೆಯೆಂಬ ಮಾತನ್ನು ನಂಬದೆ, ಅದರಿಂದ ದತ್ತಾಂಶವನ್ನು ಮರಳಿ ಪಡೆದು ಪರೀಕ್ಷಿಸುತ್ತಾರೆ. ಅದರ ಒಂದು ಪ್ರತಿಯನ್ನು ಜಾಲದಿಂದ ಬೇರ್ಪಡಿಸಿ ಇಡಿಸುತ್ತಾರೆ. ಸಂಸ್ಥೆಯ ಡೊಮೇನ್ ಹೆಸರು ಯಾರ ಹೆಸರಿನಲ್ಲಿ ನೋಂದಣಿಯಾಗಿದೆ, ಮುಖ್ಯ ಪಾಸ್‌ವರ್ಡ್‌ಗಳು ಯಾರ ಬಳಿ ಇವೆ ಎಂಬುದನ್ನು ವಿಚಾರಿಸುತ್ತಾರೆ. ಇವು ಮಾರಾಟಗಾರನ ಕೈಯಲ್ಲಿದ್ದರೆ ಮಾಲೀಕನಿಗೆ ತನ್ನದೇ ವ್ಯವಸ್ಥೆಯ ಮೇಲೆ ಹಿಡಿತವಿಲ್ಲವೆಂದೇ ಅರ್ಥ.

ಒಪ್ಪಂದದಲ್ಲಿ ಇರಬೇಕಾದವು

ಎಷ್ಟು ದಿನ ಬರುವರು ಎಂಬುದಕ್ಕಿಂತ ಏನನ್ನು ಸಾಧಿಸಿಕೊಡುವರು ಎಂಬುದು ಲಿಖಿತವಾಗಿರಬೇಕು. ಯಾವ ಮಾರಾಟಗಾರನಿಂದಲೂ ಕಮಿಷನ್ ಪಡೆಯುವುದಿಲ್ಲವೆಂಬ ಘೋಷಣೆ ಅಗತ್ಯ. ಇಲ್ಲವಾದರೆ ಸಲಹೆಗೂ ಮಾರಾಟಕ್ಕೂ ವ್ಯತ್ಯಾಸ ಉಳಿಯದು. ಒಬ್ಬರೇ ಹಲವು ಸಂಸ್ಥೆಗಳಿಗೆ ಸೇವೆ ಸಲ್ಲಿಸುವುದರಿಂದ ಗೋಪ್ಯತೆಯ ಷರತ್ತು, ಪ್ರತಿಸ್ಪರ್ಧಿಗಳ ಬಗ್ಗೆ ಸ್ಪಷ್ಟತೆ ಇರಲಿ. ತುರ್ತು ಸಂದರ್ಭದಲ್ಲಿ ಎಷ್ಟು ಹೊತ್ತಿನಲ್ಲಿ ದೊರೆಯುವರು, ಬಿಟ್ಟುಹೋಗುವಾಗ ದಾಖಲೆಗಳನ್ನು ಹೇಗೆ ಒಪ್ಪಿಸುವರು ಎಂಬುದೂ ಇರಬೇಕು. ಸಂಸ್ಥೆಯ ನೌಕರನೊಬ್ಬನನ್ನು ಅವರ ಜೊತೆಗಿರಿಸಿ ತರಬೇತಿಗೊಳಿಸಿದರೆ ಜ್ಞಾನ ಸಂಸ್ಥೆಯಲ್ಲೇ ಉಳಿಯುತ್ತದೆ.

ಇಷ್ಟಾದರೂ ಅಂತಿಮ ಹೊಣೆ ಮಾಲೀಕನದೇ. ಅರೆಕಾಲಿಕರಿಗೆ ಅಧಿಕಾರ ಕೊಡದೆ ಸಲಹೆ ಮಾತ್ರ ಕೇಳಿದರೆ ಶುಲ್ಕ ವ್ಯರ್ಥ. ಎಲ್ಲವನ್ನೂ ಅವರಿಗೇ ಬಿಟ್ಟರೆ ಅಪಾಯ. ತಿಂಗಳಿಗೊಮ್ಮೆ ಒಂದು ಗಂಟೆ ಕುಳಿತು ಚರ್ಚಿಸುವ ಶಿಸ್ತು ಮಾಲೀಕನಿಗಿರಬೇಕು. ಊರು ಕೊಳ್ಳೆ ಹೋದ ಮೇಲೆ ಕೋಟೆಯ ಬಾಗಿಲು ಹಾಕಿ ಫಲವಿಲ್ಲ. ಬಾಗಿಲ ಕೀಲಿ ಯಾರ ಬಳಿ ಇದೆಯೆಂದು ಉದ್ಯಮಿಗಳು ಇಂದೇ ವಿಚಾರಿಸುವುದು ಲೇಸು.