ಬರವನ್ನು ಅಳೆಯುವ ಬಗೆ

ಬರಗಾಲದ ಮಾತು ಬಂದಾಗ ನಾವು ಮೊದಲು ಕೇಳುವುದು ಮಳೆಯ ಲೆಕ್ಕವನ್ನು. ವಾಡಿಕೆಯ ಮಳೆಯಲ್ಲಿ ನೂರಕ್ಕೆ 25ಕ್ಕಿಂತ ಹೆಚ್ಚು ಕೊರತೆ ಬಿದ್ದರೆ ಅದನ್ನು ಬರವೆಂದು ಗಣಿಸುವ ರೂಢಿ ನಮ್ಮ ದೇಶದಲ್ಲಿದೆ. ಆದರೆ ಬೆಳೆಯನ್ನು ಸಲಹುವುದು ಬೇರಿಗೆ ನಿಲುಕುವ ಹಸಿ. ವಿಜಯಪುರ ಜಿಲ್ಲೆಯ ಆಳವಾದ ಎರೆಭೂಮಿಯಲ್ಲಿ ಬಿತ್ತಿದ ಹಿಂಗಾರಿ ಜೋಳವು, ಮುಂದೆ ಮಳೆ ಬಾರದಿದ್ದರೂ, ಮಣ್ಣು ಹಿಡಿದಿಟ್ಟ ನೀರಿನಿಂದಲೇ ಬಹುಮಟ್ಟಿಗೆ ತೆನೆಗಟ್ಟುತ್ತದೆ. ಅಷ್ಟೇ ಮಳೆ ಕಂಡ ತೆಳುವಾದ ಮಸಾರಿ ಭೂಮಿಯಲ್ಲಿ ಕೆಲವು ವಾರಗಳ ಬಿಸಿಲಿಗೆ ಪೈರು ಬಾಡಬಹುದು.

ಹಸಿಯನ್ನು ಅಳೆಯುವ ಮೂಲವಿಧಾನ ಸರಳವಾದುದು. ಬೇರೆ ಬೇರೆ ಆಳಗಳಿಂದ ಮಣ್ಣನ್ನು ತೆಗೆದು ತೂಗಿ, 105 ಡಿಗ್ರಿ ಸೆಂಟಿಗ್ರೇಡ್ ಶಾಖದಲ್ಲಿ ಒಂದು ದಿನ ಒಣಗಿಸಿ, ಮತ್ತೆ ತೂಗಬೇಕು. 112 ಗ್ರಾಂ ಹಸಿಮಣ್ಣು ಒಣಗಿ 100 ಗ್ರಾಂ ಆದರೆ ತೇವಾಂಶ ನೂರಕ್ಕೆ 12. ಈ ಅಂಕಿಯೊಂದರಿಂದಲೇ ನಿರ್ಣಯಕ್ಕೆ ಬರಲಾಗದು. ಮರಳುಮಿಶ್ರಿತ ಕೆಂಪುಮಣ್ಣಿನಲ್ಲಿ 12 ಎಂದರೆ ಪೈರಿಗೆ ಇನ್ನೂ ನೀರುಂಟು. ಜಿಗುಟಾದ ಎರೆಮಣ್ಣಿನಲ್ಲಿ ಅದೇ 12ಕ್ಕೆ ಪೈರು ಬಾಡಿರುತ್ತದೆ. ಎರೆಯ ಸೂಕ್ಷ್ಮ ಕಣಗಳು ಕೊನೆಯ ನೀರನ್ನು ಬೇರು ಸೆಳೆಯಲಾಗದಷ್ಟು ಬಿಗಿಯಾಗಿ ಹಿಡಿದಿರುವುದೇ ಇದಕ್ಕೆ ಕಾರಣ. ಹೆಚ್ಚಿನ ನೀರು ಬಸಿದುಹೋದ ಮೇಲೆ ಮಣ್ಣಿನಲ್ಲಿ ಉಳಿಯುವ ತೇವಕ್ಕೂ, ಪೈರು ಬಾಡುವ ಹಂತದ ತೇವಕ್ಕೂ ನಡುವಣ ಅಂತರವೇ ಬೆಳೆಗೆ ದಕ್ಕುವ ನೀರು. ಅದರಲ್ಲಿ ಎಷ್ಟು ಪಾಲು ಉಳಿದಿದೆ ಎಂಬುದು ಬರದ ಹೆಚ್ಚು ನಿಜವಾದ ಅಳತೆ.

ಈ ಕಾರ್ಯಕ್ಕೆ ಈಗ ಉಪಗ್ರಹಗಳೂ ನೆರವಾಗಿವೆ. 2015ರಲ್ಲಿ ಅಮೆರಿಕವು ಹಾರಿಸಿದ ಸ್ಮ್ಯಾಪ್ ಉಪಗ್ರಹವು ನೆಲದಿಂದ ಹೊಮ್ಮುವ ಸೂಕ್ಷ್ಮತರಂಗಗಳ ಮೂಲಕ ತೇವವನ್ನು ಅರಿಯುತ್ತದೆ. ಆದರೆ ಅದು ನೇರವಾಗಿ ಅರಿಯುವುದು ಮೇಲಿನ ಸುಮಾರು 5 ಸೆಂಟಿಮೀಟರ್ ಪದರವನ್ನು ಮಾತ್ರ. ಜೋಳದ ಬೇರು ಒಂದು ಮೀಟರಿಗೂ ಕೆಳಗಿಳಿಯಬಲ್ಲುದು. ಎರೆಭೂಮಿಯ ಮೇಲ್ಮೈ ಒಣಗಿ ಬಿರುಕುಬಿಟ್ಟಾಗಲೂ ಆಳದಲ್ಲಿ ಹಸಿ ಇರಬಹುದು. ಆ ಹಸಿಯನ್ನು ಲೆಕ್ಕಾಚಾರದಿಂದ ಅಂದಾಜು ಮಾಡಿ, ಹೊಲದ ಮಣ್ಣಿನಿಂದಲೇ ಒರೆಗೆ ಹಚ್ಚಬೇಕು.

ಇದು ಬರಿಯ ಶಾಸ್ತ್ರಚರ್ಚೆಯಲ್ಲ. ಕೇಂದ್ರ ಸರಕಾರವು 2016ರಲ್ಲಿ ಹೊರಡಿಸಿದ ಬರ ನಿರ್ವಹಣೆಯ ಕೈಪಿಡಿಯು ಮಳೆಯ ಕೊರತೆಯೊಡನೆ ಮಣ್ಣಿನ ತೇವವನ್ನೂ ಬರದ ಸೂಚಕಗಳಲ್ಲಿ ಸೇರಿಸಿದೆ. ಬರದ ಘೋಷಣೆಯೂ, ಅದರ ಹಿಂದೆ ಬರುವ ಪರಿಹಾರವೂ ಇಂಥ ಅಂಕಿಗಳನ್ನು ಅವಲಂಬಿಸಿವೆ. ಒಂದೇ ತಾಲ್ಲೂಕಿನಲ್ಲಿ ಎರೆಯೂ ಮಸಾರಿಯೂ ಇರುವಲ್ಲಿ ಎರಡಕ್ಕೂ ಒಂದೇ ಅಂಕಿಯನ್ನು ಅನ್ವಯಿಸಿದರೆ, ಬೆಳೆ ಒಣಗಿದ ರೈತನ ಹೊಲವು ಸರಕಾರದ ಲೆಕ್ಕದಲ್ಲಿ ಹಸಿಯಾಗಿಯೇ ಉಳಿದೀತು.