ಕಲ್ಕತ್ತೆಯ ದಾರಿಯಲ್ಲಿ ಕೆತ್ತಿದ ಪಿಸ್ತೂಲು

1830ರಲ್ಲಿ ಬಾಸ್ಟನ್ನಿನಿಂದ ಕಲ್ಕತ್ತೆಗೆ ಹೊರಟ 'ಕೊರ್ವೊ' ಎಂಬ ಹಾಯಿಹಡಗಿನಲ್ಲಿ 16 ವರ್ಷದ ಹುಡುಗನೊಬ್ಬನಿದ್ದ. ಹೆಸರು ಸ್ಯಾಮ್ಯುಯೆಲ್ ಕೋಲ್ಟ್. ಬಿಡುವಾದಾಗ ಮರದ ತುಂಡುಗಳನ್ನು ಹಿಡಿದು ಕೆತ್ತುತ್ತ ಕೂರುತ್ತಿದ್ದ. ಅವನ ಊರಾದ ಹಾರ್ಟ್‌ಫರ್ಡಿನ ಮ್ಯೂಸಿಯಮ್ಮಿನಲ್ಲಿ ಹಾಗೆ ಕೆತ್ತಿದ್ದೊಂದು ಇಂದಿಗೂ ಇದೆ: ತಿರುಗುವ ಪಿಸ್ತೂಲಿನ ಮರದ ಮಾದರಿ. ಚುಕ್ಕಾಣಿಯ ಚಕ್ರ ತಿರುಗಿ ನಿಲ್ಲುವುದನ್ನು ನೋಡಿ ಇದು ಹೊಳೆಯಿತಂತೆ. ಈ 'ಅಂತೆ'ಯನ್ನು ಮರೆಯಬೇಡಿ. ಕೋಲ್ಟ್ ಕೋವಿಯಷ್ಟೇ ಚೆನ್ನಾಗಿ ಕಥೆಯನ್ನೂ ಮಾರಿದವನು.

ತಿರುಗುವ ಪಿಸ್ತೂಲು ಅವನಿಗಿಂತ ಮೊದಲೇ ಇತ್ತು. 1818ರಲ್ಲೇ ಎಲಿಶಾ ಕಾಲಿಯರ್ ಅದಕ್ಕೆ ಪೇಟೆಂಟ್ ಪಡೆದಿದ್ದ. ಆದರೆ ಅದರ ಸಿಲಿಂಡರನ್ನು ಪ್ರತಿ ಸಲ ಕೈಯಿಂದ ತಿರುಗಿಸಬೇಕಿತ್ತು. ಕೋಲ್ಟನ ಪಿಸ್ತೂಲಿನಲ್ಲಿ ಹೆಬ್ಬೆರಳಿನಿಂದ ಹ್ಯಾಮರ್ ಹಿಂದಕ್ಕೆಳೆದರೆ ಸಾಕು, ಸಿಲಿಂಡರ್ ತಾನೇ ತಿರುಗಿ ಮುಂದಿನ ಗುಂಡು ನಳಿಗೆಯ ನೇರಕ್ಕೆ ಬಂದು ನಿಲ್ಲುತ್ತಿತ್ತು.

ಮಾದರಿ ಮಾಡಿಸಲು ದುಡ್ಡೆಲ್ಲಿ? ಹುಡುಗ 'ನ್ಯೂಯಾರ್ಕ್, ಲಂಡನ್ ಮತ್ತು ಕಲ್ಕತ್ತೆಯ ಡಾಕ್ಟರ್ ಕೌಲ್ಟ್' ಎಂದು ಬೋರ್ಡು ಹಾಕಿಕೊಂಡು ಊರೂರು ಸುತ್ತಿದ. ವೇದಿಕೆಗೆ ಬಂದವರಿಗೆ ನಗೆ ಅನಿಲ ಉಸಿರಾಡಿಸುವುದು, ಅವರು ಕುಣಿದು ಕುಪ್ಪಳಿಸುವುದನ್ನು ಜನ ಟಿಕೆಟ್ ಕೊಟ್ಟು ನೋಡುವುದು. ಆ ದುಡ್ಡು ಬಾಲ್ಟಿಮೋರಿನ ಕೋವಿ ಕುಶಲಕರ್ಮಿ ಜಾನ್ ಪಿಯರ್ಸನ್ನನ ಕೈಗೆ. ಅದೂ ಸರಿಯಾಗಿ ಸೇರುತ್ತಿರಲಿಲ್ಲ. ಕೂಲಿ ಬರಲಿಲ್ಲವೆಂದು ಪಿಯರ್ಸನ್ ಕಾಗದ ಬರೆದು ಗೊಣಗುತ್ತಿದ್ದ. ಕಲ್ಕತ್ತೆ ಕಂಡದ್ದು ಮಾತ್ರ ನಿಜ, ಡಾಕ್ಟರಿಕೆ ಪೂರಾ ಬುರುಡೆ.

1836ರಲ್ಲಿ ಅಮೆರಿಕದ ಪೇಟೆಂಟ್ ಸಿಕ್ಕಿತು. ನ್ಯೂಜೆರ್ಸಿಯ ಪ್ಯಾಟರ್ಸನ್ನಿನಲ್ಲಿ ಶುರುವಾದ ಕಂಪನಿ 1842ರಲ್ಲಿ ಮುಳುಗಿತು. ಆಮೇಲೆ ವಿದ್ಯುತ್ತಿನಿಂದ ಸಿಡಿಯುವ ನೀರೊಳಗಿನ ಸಿಡಿಮದ್ದಿನ ಹುಚ್ಚು ಹಿಡಿಯಿತು. ಸರ್ಕಾರ ಕೊಳ್ಳಲಿಲ್ಲ.

ಕೈ ಹಿಡಿದದ್ದು ಅಮೆರಿಕ-ಮೆಕ್ಸಿಕೋ ಯುದ್ಧ. ಟೆಕ್ಸಸ್ಸಿನ ಸ್ಯಾಮ್ಯುಯೆಲ್ ವಾಕರ್ ಹಳೆಯ ಕೋಲ್ಟ್ ಪಿಸ್ತೂಲನ್ನು ಕಾಳಗದಲ್ಲಿ ಬಳಸಿ ಬಲ್ಲವನು. ಇಬ್ಬರೂ ಕೂತು ಹೊಸ ವಿನ್ಯಾಸ ಮಾಡಿದರು: ಆರು ಗುಂಡು, ತೂಕ ಎರಡು ಕಿಲೋ. ಸೈನ್ಯ 1,000 ಪಿಸ್ತೂಲು ಕೇಳಿತು. ಕೋಲ್ಟನ ಬಳಿ ಆಗ ಕಾರ್ಖಾನೆಯೇ ಇಲ್ಲ! 1847ರಲ್ಲಿ ಎಲೈ ವಿಟ್ನಿ ಜೂನಿಯರನ ಕಾರ್ಖಾನೆಯಲ್ಲಿ ಅವನ್ನು ಮಾಡಿಸಿಕೊಟ್ಟ.

ಅಲ್ಲಿಂದ ಹಿಂದಿರುಗಿ ನೋಡಲಿಲ್ಲ. ದೊರೆಗಳಿಗೆ ಚಿನ್ನದ ಕುಸುರಿಯ ಪಿಸ್ತೂಲುಗಳು ಉಡುಗೊರೆಯಾಗಿ ಹೋದವು. ಚಿತ್ರಕಾರ ಜಾರ್ಜ್ ಕ್ಯಾಟ್ಲಿನ್ ದುಡ್ಡು ಪಡೆದು, ತಾನು ಕೋಲ್ಟ್ ಕೋವಿ ಹಿಡಿದು ಬೇಟೆಯಾಡುವ ಚಿತ್ರಗಳನ್ನು ಬರೆದ. ಇಂದಿನ ಸಿನಿಮಾ ನಟರ ಜಾಹೀರಾತಿಗೆ ಇದು ಅಜ್ಜ. 1855ರ ಹೊತ್ತಿಗೆ ಹಾರ್ಟ್‌ಫರ್ಡಿನ ನದಿ ದಂಡೆಯಲ್ಲಿ ನೀಲಿ ಗುಮ್ಮಟದ ಭಾರಿ ಕಾರ್ಖಾನೆ ಎದ್ದಿತು. ಗುಮ್ಮಟದ ನೆತ್ತಿಯ ಮೇಲೊಂದು ಕುದುರೆಮರಿ. ಇಂಗ್ಲಿಷಿನಲ್ಲಿ 'ಕೋಲ್ಟ್' ಎಂದರೆ ಅದೇ ತಾನೆ. ಒಳಗೆ ಯಂತ್ರತಜ್ಞ ಎಲಿಶಾ ರೂಟ್ ಹೂಡಿದ ಯಂತ್ರಗಳ ಸಾಲು. ಕೋವಿಗೆ ಅಚ್ಚುಕಟ್ಟು ಕೊಟ್ಟವನು ರೂಟ್, ಹೆಸರು ಕೊಟ್ಟವನು ಕೋಲ್ಟ್ ಎಂಬುದು ನನ್ನ ಎಣಿಕೆ.

ಅಮೆರಿಕದ ಅಂತರ್ಯುದ್ಧ ಹೊತ್ತಿಕೊಳ್ಳುವವರೆಗೂ ಉತ್ತರ, ದಕ್ಷಿಣ ಎರಡೂ ಕಡೆಗೆ ಮಾರಿದ. ಪತ್ರಿಕೆಗಳು ದ್ರೋಹಿ ಎಂದು ಜರೆದವು. 1862ರ ಜನವರಿ 10ರಂದು, 47ನೇ ವಯಸ್ಸಿಗೆ ತೀರಿಕೊಂಡ.

ಎರಡು ವರ್ಷದಲ್ಲಿ ಕಾರ್ಖಾನೆ ಸುಟ್ಟುಹೋಯಿತು. ಹೆಂಡತಿ ಎಲಿಜಬೆತ್ ಮತ್ತೆ ಕಟ್ಟಿಸಿದಳು. ಗಂಡ, ಮಕ್ಕಳ ನೆನಪಿಗೆ ಚರ್ಚೊಂದನ್ನೂ ಕಟ್ಟಿಸಿದಳು. ಕಾರ್ಮಿಕರಿಗೆಂದೇ ಮಾಡಿದ ಅದರ ಬಾಗಿಲಿನ ಕಲ್ಲಿನ ಮೇಲೆ, ಶಿಲುಬೆಯ ಜೊತೆಗೆ, ಕೋಲ್ಟ್ ಪಿಸ್ತೂಲಿನ ಬಿಡಿಭಾಗಗಳ ಕೆತ್ತನೆಯಿದೆ.