ಕೂಡಿ ಕೊಂಡದ್ದಾಯಿತು, ಕೂಡಿ ಹಂಚುವುದು ಯಾವಾಗ?

ಕುಡಚಿಯ ಬಳಿ ಕೃಷ್ಣೆಯ ಎರಡೂ ದಂಡೆಗಳಲ್ಲಿ ಕಬ್ಬು ಹಬ್ಬಿದೆ. ಆ ಹಸಿರಿನ ನಡುವೆ ಅಲ್ಲಲ್ಲಿ ಬಿಳಿ ಪೊರೆ ಕಟ್ಟಿದ ನೆಲವೂ ಕಣ್ಣಿಗೆ ಬೀಳುತ್ತದೆ. ಅತಿ ನೀರಾವರಿಯಿಂದ ಲವಣ ಮೇಲೆದ್ದ ಸವಳು ಭೂಮಿ ಅದು. ಇದರ ಬಗ್ಗೆ ಈವರೆಗೆ ಯಾರು ಏನು ಸಂಶೋಧಿಸಿದ್ದಾರೆ ಎಂದು ಈ ಭಾಗದ ವಿದ್ಯಾರ್ಥಿಯೊಬ್ಬ ಕೇಳಿದರೆ ನಾನು ಅವನಿಗೆ ಒಂದಲ್ಲ, ನಾಲ್ಕು ವಿಳಾಸ ಕೊಡಬೇಕಾಗುತ್ತದೆ.

ಕೃಷಿ ವಿಶ್ವವಿದ್ಯಾಲಯಗಳ ಪ್ರಬಂಧಗಳಿಗೆ ‘ಕೃಷಿಕೋಶ’ವೆಂಬ ಜಾಲತಾಣವಿದೆ. ಭೂಗೋಳ, ಅರ್ಥಶಾಸ್ತ್ರಗಳ ಮಹಾಪ್ರಬಂಧಗಳನ್ನು ಗಾಂಧಿನಗರದ ಇನ್‌ಫ್ಲಿಬ್‌ನೆಟ್ ಕೇಂದ್ರ ನಡೆಸುವ ‘ಶೋಧಗಂಗಾ’ದಲ್ಲಿ ಹುಡುಕಬೇಕು. ಬೆಳಗಾವಿಯಲ್ಲಿ ರಾಣಿ ಚನ್ನಮ್ಮ ವಿಶ್ವವಿದ್ಯಾಲಯ ಆರಂಭವಾದದ್ದು 2010ರಲ್ಲಿ. ಅದಕ್ಕೂ ಮೊದಲು ಇಲ್ಲಿನ ಕಾಲೇಜುಗಳು ಕರ್ನಾಟಕ ವಿಶ್ವವಿದ್ಯಾಲಯಕ್ಕೆ ಸೇರಿದ್ದರಿಂದ ಹಳೆಯ ಪ್ರತಿಗಳಿಗೆ ಧಾರವಾಡವೇ ಗತಿ. ಇದೇ ಕೃಷ್ಣೆಯ ಮೇಲ್ಭಾಗದ ಶಿರೋಳದ ಸವಳಿನ ಕಥೆ ಬೇಕಾದರೆ ಕೊಲ್ಲಾಪುರದ ಶಿವಾಜಿ ವಿಶ್ವವಿದ್ಯಾಲಯ. ನದಿ ಒಂದೇ, ನೆಲದ ರೋಗವೂ ಒಂದೇ. ದಾಖಲೆಗಳು ಮಾತ್ರ ಚೆಲ್ಲಾಪಿಲ್ಲಿ.

ಹಾಗೆಂದು ನಮ್ಮ ವಿಶ್ವವಿದ್ಯಾಲಯಗಳಿಗೆ ಕೂಡಿ ನಡೆಯಲು ಬಾರದು ಎನ್ನುವಂತಿಲ್ಲ. ನಿಯತಕಾಲಿಕೆಗಳನ್ನು ಒಟ್ಟಾಗಿ ಕೊಳ್ಳುವ ಒಕ್ಕೂಟಗಳು ಈ ಶತಮಾನದ ಆರಂಭದಲ್ಲೇ ಹುಟ್ಟಿದವು. 2024ರ ನವೆಂಬರ್‌ನಲ್ಲಿ ಕೇಂದ್ರ ಸಂಪುಟ ಒಪ್ಪಿದ ‘ಒಂದು ರಾಷ್ಟ್ರ ಒಂದು ಚಂದಾ’ ಯೋಜನೆಯಂತೆ ಮೂರು ವರ್ಷಗಳಿಗೆ 6,000 ಕೋಟಿ ರೂಪಾಯಿ ವೆಚ್ಚದಲ್ಲಿ ಸುಮಾರು 13,000 ನಿಯತಕಾಲಿಕೆಗಳು 6,300ಕ್ಕೂ ಹೆಚ್ಚು ಸರ್ಕಾರಿ ಸಂಸ್ಥೆಗಳಿಗೆ ದೊರೆಯಬೇಕು. ಇದು ಸಣ್ಣ ಸಾಧನೆಯಲ್ಲ. ಆದರೆ ಅಂತರರಾಷ್ಟ್ರೀಯ ಪ್ರಕಾಶಕರ ಸರಕು ಕೊಳ್ಳುವಾಗ ತೋರುವ ಈ ಒಗ್ಗಟ್ಟು ನಮ್ಮದೇ ಕಪಾಟಿನ ಪುಸ್ತಕ, ವರದಿ, ಪ್ರಬಂಧಗಳ ವಿಷಯದಲ್ಲಿ ಕಾಣಿಸುವುದಿಲ್ಲ.

ಇದರ ಫಲವನ್ನು ನಾವು ಒಮ್ಮೆ ಉಂಡಿದ್ದೇವೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ ಕೇಂದ್ರವಾಗಿದ್ದ ‘ಡಿಜಿಟಲ್ ಲೈಬ್ರರಿ ಆಫ್ ಇಂಡಿಯಾ’ ಸಾವಿರಾರು ಕನ್ನಡ ಪುಸ್ತಕಗಳನ್ನು ಸ್ಕ್ಯಾನ್ ಮಾಡಿತು. ಆದರೆ ಹೆಸರುಗಳೆಲ್ಲ ರೋಮನ್ ಲಿಪಿಯಲ್ಲಿ, ತೋಚಿದ ಕಾಗುಣಿತದಲ್ಲಿ. ಪುಸ್ತಕ ಇತ್ತು, ಹುಡುಕಿದರೆ ಸಿಗುತ್ತಿರಲಿಲ್ಲ! ಆ ಶೀರ್ಷಿಕೆಗಳನ್ನು ಕನ್ನಡಕ್ಕೆ ತಂದು ಹುಡುಕುವಂತೆ ಮಾಡಿದವರು ‘ಸಂಚಯ’ದ ಸ್ವಯಂಸೇವಕರೇ ಹೊರತು ಯಾವ ವಿಶ್ವವಿದ್ಯಾಲಯವೂ ಅಲ್ಲ. ಮುಂದೆ ಆ ಮೂಲ ತಾಣವೇ ಮುಚ್ಚಿತು. ಪುಸ್ತಕಗಳು ಉಳಿದದ್ದು ಅವುಗಳ ಪ್ರತಿ ಇಂಟರ್‌ನೆಟ್ ಆರ್ಕೈವ್‌ನಲ್ಲಿ ಇದ್ದುದರಿಂದ.

ಆದ್ದರಿಂದ ಮೊದಲು ಆಗಬೇಕಾದ್ದು ಸ್ಕ್ಯಾನಿಂಗ್ ಅಲ್ಲ, ಸೂಚಿ. ಯಾವ ಗ್ರಂಥಾಲಯದಲ್ಲಿ ಏನಿದೆ, ಯಾವುದರ ಪ್ರತಿ ಒಂದೇ ಉಳಿದಿದೆ, ಯಾವುದು ಈಗಾಗಲೇ ಸ್ಕ್ಯಾನ್ ಆಗಿದೆ ಎಂಬುದು ಕನ್ನಡ ಲಿಪಿಯಲ್ಲಿ, ಒಂದೇ ನಮೂನೆಯಲ್ಲಿ ದಾಖಲಾಗಬೇಕು. ಒಂದೇ ನಮೂನೆಯ ಬೆಲೆ ನಮ್ಮ ಭಾಗದ ಹಿರಿಯರಿಗೆ ಗೊತ್ತು. 1970 ಮತ್ತು 80ರ ದಶಕಗಳಲ್ಲಿ ಮಿರಜಿನವರೆಗೆ ಬ್ರಾಡ್‌ಗೇಜ್, ಅಲ್ಲಿಂದ ಈಚೆಗೆ ಮೀಟರ್‌ಗೇಜ್. ಪುಣೆಯಿಂದ ಹೊರಟವರು ಮಿರಜಿನಲ್ಲಿ ಗಂಟುಮೂಟೆ ಇಳಿಸಿ ಗಾಡಿ ಬದಲಿಸದೆ ಕುಡಚಿ ಸೇರುವಂತಿರಲಿಲ್ಲ.

ಸೂಚಿ ಸಿದ್ಧವಾದರೆ ಕೆಲಸ ಹಂಚಿಕೊಳ್ಳುವುದು ಸುಲಭ. ಧಾರವಾಡ ಒಮ್ಮೆ ಸ್ಕ್ಯಾನ್ ಮಾಡಿದ್ದನ್ನು ಹಂಪಿಯ ಕನ್ನಡ ವಿಶ್ವವಿದ್ಯಾಲಯವೋ ಮೈಸೂರೋ ಮತ್ತೆ ಮಾಡಬೇಕಿಲ್ಲ; ಆ ಹಣ ಒಂದೇ ಪ್ರತಿ ಉಳಿದ ವರದಿಗೆ ಸಲ್ಲಲಿ. ಅಮೆರಿಕದ ವಿಶ್ವವಿದ್ಯಾಲಯಗಳು 2008ರಲ್ಲಿ ಕಟ್ಟಿದ ‘ಹಾಥಿಟ್ರಸ್ಟ್’ ಎಂಬ ಕೂಡುಗ್ರಂಥಾಲಯದಲ್ಲಿ ಹಲವರು ಸ್ಕ್ಯಾನ್ ಮಾಡಿದ್ದೆಲ್ಲ ಒಂದೆಡೆ ಸೇರುತ್ತದೆ. (ಮರೆಯದ ಪ್ರಾಣಿಯೆಂದು ಆನೆಯ ಹಿಂದಿ ಹೆಸರನ್ನೇ ಇಟ್ಟುಕೊಂಡಿದ್ದಾರೆ.) ಹಕ್ಕುಸ್ವಾಮ್ಯದ ತೊಡಕು ಇದ್ದೇ ಇದೆ: ನಮ್ಮ ಕಾನೂನಿನಲ್ಲಿ ಲೇಖಕ ತೀರಿಕೊಂಡು 60 ವರ್ಷ ಕಳೆಯಬೇಕು. ಆದರೆ ಪುಸ್ತಕ ಎಲ್ಲಿದೆ ಎಂದು ತಿಳಿಸಲು ಯಾವ ಕಾನೂನೂ ಅಡ್ಡಬರದು.

ಇಂಥ ಸೂಚಿ ರಾಜ್ಯದ ಗಡಿಗೆ ಬಂದು ನಿಂತರೆ ಕೃಷ್ಣಾ ತೀರದವರಿಗೆ ಅರ್ಧವೇ ಸಿಕ್ಕಂತೆ. ಕೊಲ್ಲಾಪುರವನ್ನೂ ಮೊದಲ ದಿನವೇ ಮಾತುಕತೆಗೆ ಕರೆಯಬೇಕು. ಅಲ್ಲಿನ ಪ್ರಬಂಧಗಳಲ್ಲಿ ಕೆಲವು ಮರಾಠಿಯಲ್ಲಿರಬಹುದು. ಕುಡಚಿಯಲ್ಲಿ ಅವನ್ನು ಓದಬಲ್ಲವರಿಗೆ ಕೊರತೆಯಿಲ್ಲ.